ಧನುರ್ಮಾಸದಲ್ಲಿ ಖಾಲಿಯಾದ ಹುದ್ದೆ

ಡೆಟ್ರಾಯಿಟ್ ಬಳಿಯ ಆ ಕಾಲೇಜಿನ ಫುಟ್‌ಬಾಲ್ ಕಚೇರಿಗೆ ನಾನು ಸೇರಿ ನಾಲ್ಕು ಸೀಸನ್ ಆಯಿತು. ಇಷ್ಟರಲ್ಲಿ ಒಂಬತ್ತು ಮಂದಿ ಅಸಿಸ್ಟೆಂಟ್ ಕೋಚ್‌ಗಳು ಬಿಟ್ಟುಹೋದರು. ದಿನಚರಿ ಬರೆಯುವ ಅಭ್ಯಾಸ ಇರುವುದರಿಂದ ಪ್ರತಿಯೊಬ್ಬರೂ ಹೋದ ದಿನ ಮತ್ತು ಕಾರಣವನ್ನು ಗುರುತು ಹಾಕಿಕೊಂಡಿದ್ದೇನೆ. ತಂಡ ಸೋತಿತೆಂದು ಹೋದವರು ಇಬ್ಬರೇ. ಉಳಿದ ಏಳು ಜನರ ಮುಂದೆ ಒಂದೇ ಪದವಿದೆ: ಬಜೆಟ್. ಆ ಏಳರಲ್ಲಿ ಆರು ಪದಗಳನ್ನು ನಾನು ಏನೂ ಅನ್ನಿಸದೆ ಬರೆದೆ. ಏಳನೆಯದು ಡಿಫೆನ್ಸಿವ್ ಲೈನ್ ಕೋಚ್‌ನದು.

ಇದು ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಭುಜಕ್ಕೆ ಭುಜ ಕೊಟ್ಟು ಗುದ್ದಾಡುವ ಅಮೆರಿಕದ ಆಟ. ಒಬ್ಬ ಹೆಡ್ ಕೋಚ್ ಇರುತ್ತಾನೆ, ಅವನ ಕೈಕೆಳಗೆ ಒಂದೊಂದು ಸಾಲಿಗೆ ಒಬ್ಬೊಬ್ಬ ಅಸಿಸ್ಟೆಂಟ್. ನನ್ನ ಕೆಲಸ ಆಟದ ವಿಡಿಯೋವನ್ನು ತುಂಡು ತುಂಡಾಗಿ ಕತ್ತರಿಸಿ ಅವರವರ ಸಾಲಿನದನ್ನು ಅವರವರಿಗೆ ಕೊಡುವುದು. ಮಿಷಿಗನ್ ರಾಜ್ಯದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಅಪ್ಪ ಅಮ್ಮನ ಮನೆಯಿಂದ ದಿನವೂ ಡ್ರೈವ್ ಮಾಡಿಕೊಂಡು ಹೋಗುತ್ತೇನೆ. ಹನ್ನೆರಡು ವರ್ಷದವಳಾಗುವ ತನಕ ಮೈಸೂರಿನಲ್ಲಿ ಓದಿದ್ದರಿಂದ ಬರೆಯುವುದು ಇನ್ನೂ ಕನ್ನಡದಲ್ಲೇ. ಅದನ್ನು ನೋಡಿಯೇ ಡಿಫೆನ್ಸಿವ್ ಲೈನ್ ಕೋಚ್ ನನಗೆ ‘ಪ್ರೊಫೆಸರ್’ ಎಂದು ಹೆಸರಿಟ್ಟಿದ್ದರು.

“ಪ್ರೊಫೆಸರ್, ಇವತ್ತು ನನ್ನ ಬಗ್ಗೆ ಏನು ಬರೆದೆ?”

“ಹುಡುಗರಿಗೆ ಹನ್ನೊಂದು ಸಲ ಬೈದಿರಿ ಅಂತ.”

“ತಪ್ಪು. ಹನ್ನೆರಡು. ಒಂದು ಸಲ ನೀನು ಕಾಫಿ ತರೋಕೆ ಹೋಗಿದ್ದೆ.”

ಆತ ಡೆಟ್ರಾಯಿಟ್‌ನಲ್ಲೇ ಹುಟ್ಟಿ ಬೆಳೆದವರು. ನಲವತ್ತು ದಾಟಿತ್ತು, ಎರಡೂ ಮಂಡಿ ಕೆಟ್ಟಿದ್ದವು. ಹತ್ತಿರದ ಲಿವೋನಿಯಾದಲ್ಲಿ ಬಾಡಿಗೆ ಮನೆ. ಹೆಂಡತಿಯಿಂದ ಬೇರೆಯಾಗಿದ್ದರು, ಒಂಬತ್ತು ವರ್ಷದ ಮಗಳು ವಾರ ಬಿಟ್ಟು ವಾರ ಅವರ ಮನೆಯಲ್ಲಿರುತ್ತಿದ್ದಳು. ನ್ಯಾಯಾಲಯ ಆ ರೀತಿ ಗೊತ್ತು ಮಾಡಿತ್ತು. ಅವರ ವಾರದಲ್ಲಿ ಆ ಹುಡುಗಿ ಶಾಲೆ ಬಿಟ್ಟ ಮೇಲೆ ನನ್ನ ಕೋಣೆಗೆ ಬಂದು ಖಾಲಿ ಕುರ್ಚಿಯಲ್ಲಿ ಕುಳಿತು ಹೋಂವರ್ಕ್ ಮಾಡುತ್ತಿದ್ದಳು. ಅವಳಿಲ್ಲದ ವಾರ ಆತ ಹುಡುಗರಿಗೆ ಹೆಚ್ಚು ಬೈಯುತ್ತಿದ್ದರು. ಅದು ನನಗೆ ವಿಡಿಯೋದಲ್ಲೇ ಗೊತ್ತಾಗುತ್ತಿತ್ತು.

ನವೆಂಬರ್ ಕೊನೆಗೆ ಸೀಸನ್ ಮುಗಿಯಿತು. ಡಿಸೆಂಬರ್ ಎರಡರಂದು ಕ್ರೀಡಾ ವಿಭಾಗದ ನಿರ್ದೇಶಕರು ಆತನನ್ನು ಕರೆದು ವಿಷಯ ಹೇಳಿದರು. ಆ ಹುದ್ದೆಯ ಸಂಬಳವನ್ನು ಬಹಳ ವರ್ಷಗಳಿಂದ ಕಾಲೇಜು ಕೊಡುತ್ತಿರಲಿಲ್ಲ, ಕಾರಿನ ಬಿಡಿಭಾಗಗಳ ಕಾರ್ಖಾನೆ ಇಟ್ಟಿದ್ದ ಒಬ್ಬ ವೃದ್ಧರು ವರ್ಷವರ್ಷವೂ ಕೊಡುತ್ತಿದ್ದರು. ಆ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಕ್ಕಳು ದೇಣಿಗೆ ನಿಲ್ಲಿಸಲಿಲ್ಲ, ಆದರೆ ಅದನ್ನು ಆಟಗಾರರಿಗೆ ಕೊಡುವ ನಿಧಿಗೆ ತಿರುಗಿಸಿದರು. ಈಗ ಎಲ್ಲ ಕಡೆಯೂ ಹಾಗೆಯೇ. ಒಳ್ಳೆಯ ಆಟಗಾರ ಬೇಕಾದರೆ ಅವನಿಗೇ ದುಡ್ಡು ಕೊಡಬೇಕು, ಕಲಿಸುವವರ ಪಾಲು ಕೊನೆಗೆ. ಹೊರಗಿನಿಂದ ಹೊಸ ದುಡ್ಡು ಬರದಿದ್ದರೆ ಎರಡು ಸಾಲಿನ ಕೋಚ್ ಹುದ್ದೆಗಳು ಸೇರಿ ಒಂದಾಗುತ್ತವೆ, ಆತನ ಒಪ್ಪಂದ ಜನವರಿ ಕೊನೆಗೆ ಮುಗಿಯುತ್ತದೆ ಎಂದರು ನಿರ್ದೇಶಕರು.

ಅದೇ ಕಟ್ಟಡದ ಕೆಳಮಹಡಿಯಲ್ಲಿ ಹೊಸ ಲಾಕರ್ ರೂಮ್ ಆಗಿತ್ತು. ಬೆರಳು ಒತ್ತಿದರೆ ತೆರೆಯುವ ಕಪಾಟುಗಳು, ಒಳಗೆ ಬೂಟು ಒಣಗಿಸುವ ಬಿಸಿಗಾಳಿ, ಚರ್ಮದ ಆಸನಗಳು. ಅದು ಇನ್ನೊಬ್ಬ ಶ್ರೀಮಂತರ ಕೊಡುಗೆ. ಅದರಲ್ಲಿ ಸ್ವಲ್ಪವನ್ನಾದರೂ ಸಂಬಳಕ್ಕೆ ತಿರುಗಿಸಬಹುದಲ್ಲ ಎಂದು ದೇಣಿಗೆ ವಿಭಾಗದ ಮೇಡಂ ಅವರನ್ನು ಕೇಳಿದೆ. “ಲಾಕರಿಗೆ ಅಂತ ಕೊಟ್ಟಿದ್ದು ಲಾಕರಿಗೇ. ಒಂದು ಸ್ಕ್ರೂ ಬೇರೆ ಕಡೆ ಹೋದ್ರೂ ನನ್ನ ಕೆಲಸ ಹೋಗುತ್ತೆ” ಎಂದರು.

ಅದೇ ವಾರ ದಕ್ಷಿಣದ ರಾಜ್ಯವೊಂದರ ಕಾಲೇಜಿನಿಂದ ಆತನಿಗೆ ಕೆಲಸ ಬಂತು. ಸಂಬಳ ಹೆಚ್ಚು. ಜನವರಿ ಏಳರೊಳಗೆ ಉತ್ತರ ಕೊಡಬೇಕಿತ್ತು. ಇಲ್ಲಿಂದ ಒಂಬೈನೂರು ಮೈಲಿಯ ಹತ್ತಿರ. ಅಲ್ಲಿಗೆ ಹೋದರೆ ವಾರ ಬಿಟ್ಟು ವಾರದ ಏರ್ಪಾಡು ಮುಗಿಯಿತು. ಮಗಳು ರಜೆಗೆ ಮಾತ್ರ. ಹೋಗದಿದ್ದರೆ ಫೆಬ್ರವರಿಯಿಂದ ಸಂಬಳವಿಲ್ಲ, ಮನೆ ಬಾಡಿಗೆಯೂ ಇಲ್ಲ, ಮಗಳ ಖರ್ಚಿಗೆ ಕೊಡುವುದೂ ಇಲ್ಲ.

ಮೇಡಂ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲೆಲ್ಲ ಹುಡುಕಿ ಷಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕ್‌ನ ಒಬ್ಬರನ್ನು ಹಿಡಿದರು. ನಮ್ಮ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮಾಸ್ಟರ್ಸ್ ಓದಿದವರು, ಈಗ ಅಲ್ಲಿ ನಾಲ್ಕು ವೇರ್‌ಹೌಸ್‌ಗಳ ಮಾಲೀಕರು. “ನಿಮ್ಮ ಕಡೆಯವರು ಅನ್ಸುತ್ತೆ. ಬರ್ತೀಯಾ?” ಎಂದು ಕೇಳಿದರು. ಆ ಮಾಲೀಕರು ಧಾರವಾಡದವರು. ನಮ್ಮ ಕಡೆ ಎಂದರೆ ಕಡೆಯೇ.

ಡಿಸೆಂಬರ್ ಇಪ್ಪತ್ತರಂದು ಮೇಡಂ ಕಾರಿನಲ್ಲಿ ಹೊರಟೆವು. ಇಂಡಿಯಾನಾ ದಾಟುವಾಗ ಸರೋವರದ ಕಡೆಯಿಂದ ಹಿಮ ಬೀಸುತ್ತಿತ್ತು, ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಷಿಕಾಗೋ ಕಡೆ ಗಡಿಯಾರ ಒಂದು ಗಂಟೆ ಹಿಂದೆ. ಆ ಒಂದು ಗಂಟೆಯಿಂದಾಗಿ ಊಟದ ಹೊತ್ತಿಗೆ ಸರಿಯಾಗಿ ಮುಟ್ಟಿದೆವು.

ಅಂಕಲ್ ಬಾಗಿಲಲ್ಲೇ ನಿಂತಿದ್ದರು. “ಬರ್ರಿ ಬರ್ರಿ. ಏನವಾ, ಮೈಸೂರಕಿ ಅಂತ ಹೇಳಿದ್ರು? ರೊಟ್ಟಿ ತಿಂತೀಯೋ, ನಿನಗ ಅನ್ನ ಸಾರ ಬೇಕೋ?”

“ರೊಟ್ಟಿ ತಿಂತೀನಿ ಅಂಕಲ್.”

“ಹಂಗಾದ್ರ ಪಾಸು. ಒಳಗ ಬಾ.”

ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಜೊತೆಗೆ ಬೆಳಗಿನ ಪೂಜೆಯ ನೈವೇದ್ಯದ ಹುಗ್ಗಿ. ಮೇಡಂ ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡದ್ದು ಆಂಟಿಗೆ ಬಹಳ ಹಿಡಿಸಿತು. ಊಟ ಆದ ಮೇಲೆ ಮೇಡಂ ವಿಷಯ ತೆಗೆದರು. ಅಂಕಲ್ ಅವರ ಜೊತೆ ಇಂಗ್ಲಿಷಿನಲ್ಲಿ, ನನ್ನ ಕಡೆ ತಿರುಗಿದಾಗ ಕನ್ನಡದಲ್ಲಿ ಮಾತಾಡುತ್ತಿದ್ದರು.

“ನಾ ಆ ಸ್ಟೇಡಿಯಮ್ಮಿಗೆ ಎರಡು ವರ್ಷ ಹೋಗೀನಿ. ಆಟ ನೋಡಾಕ ಅಲ್ಲ ಮತ್ತ! ಸ್ಟೂಡೆಂಟ್ಸಿಗೆ ಬಿಸಿ ಚಾಕ್ಲೇಟ್ ಪುಕಟ ಕೊಡ್ತಿದ್ರು. ಆಟ ಏನಂತ ಇವತ್ತಿಗೂ ತಿಳದಿಲ್ಲ. ಒಬ್ಬನ ಮ್ಯಾಲ ಒಬ್ಬ ಬೀಳ್ತಾರ, ಸೀಟಿ ಹೊಡೀತಾರ, ಎದ್ದು ಮತ್ತ ಬೀಳ್ತಾರ. ಈ ಡಿಫೆನ್ಸಿವ್ ಲೈನ್ ಅಂದ್ರ ಏನು?”

“ಕಬಡ್ಡೀಲಿ ರೇಡರ್‌ನ ಹಿಡಿಯೋರು ಇರ್ತಾರಲ್ಲ ಅಂಕಲ್, ಆ ಥರ.”

“ಅಂದ್ರ ಹಿಡಿಯೋರಿಗೆ ಕಲಸಾಂವ ಇಂವ. ತಿಳೀತು ಬಿಡು.”

ಆ ಹುದ್ದೆಗೆ ಅವರ ಹೆಸರಿಡುತ್ತೇವೆ ಎಂದು ಮೇಡಂ ಹೇಳಿದಾಗ ಅಂಕಲ್ ಜೋರಾಗಿ ನಕ್ಕರು. “ಹೆಸರು ಬ್ಯಾಡ್ರಿ. ನಮ್ಮೂರ ಗುಡಿಯಾಗ ಟ್ಯೂಬ್‌ಲೈಟಿನ ಮ್ಯಾಲ ದಾನಿಗಳ ಹೆಸರ ಬರದು ಬರದು ಬೆಳಕ ಹೊರಗ ಬರೂದಿಲ್ಲ” ಎಂದು ನನಗೆ ಹೇಳಿ, ಮೇಡಂಗೆ ಅನುವಾದಿಸಲು ಬಿಟ್ಟರು. ಆಮೇಲೆ ಕೈ ಒರೆಸಿಕೊಂಡು ಮೇಡಂ ಕೈ ಕುಲುಕಿದರು. ಐದು ವರ್ಷ ಆ ಕೋಚಿನ ಸಂಬಳ ತಮ್ಮದು ಎಂದರು. ನನಗೆ ನಂಬಲಾಗಲಿಲ್ಲ. ಅಷ್ಟು ಸುಲಭವಾಗಿ ಆಯಿತು.

ಮೇಡಂ ಬ್ಯಾಗಿನಿಂದ ಒಪ್ಪಂದ ತೆಗೆದರು. ಹದಿನಾಲ್ಕು ಪುಟ. ಅಂಕಲ್ ಕನ್ನಡಕ ಹಾಕಿಕೊಳ್ಳುವುದರೊಳಗೆ ಆಂಟಿ ಅಡುಗೆಮನೆಯಿಂದ ಬಂದರು.

“ಸಹಿ ಈಗ ಬ್ಯಾಡ. ಧನುರ್ಮಾಸ ಹತ್ತ್ಯದ.”

“ಹೌದಲ್ಲ” ಎಂದು ಅಂಕಲ್ ಕನ್ನಡಕ ತೆಗೆದಿಟ್ಟರು. “ಸಂಕ್ರಮಣ ಆಗಲಿ. ಮರುದಿನ ಮುಂಜಾನೆ ಸಹಿ ಮಾಡಿ ಕಳಸ್ತೀನಿ. ಮಾತು ಕೊಟ್ಟಾತು, ಇನ್ನ ಅದು ಆದಂಗ.”

ಆಂಟಿ ನನ್ನ ಪಕ್ಕ ಕುಳಿತು ಕಾರಣ ಹೇಳಿದರು. ಮೊದಲನೆಯ ವೇರ್‌ಹೌಸಿನ ಲೀಸಿಗೆ ಧನುರ್ಮಾಸದಲ್ಲಿ ಸಹಿ ಮಾಡಿದ್ದರಂತೆ. ಫೆಬ್ರವರಿಯಲ್ಲಿ ಹಿಮದ ಭಾರಕ್ಕೆ ಸೂರು ಕುಸಿಯಿತಂತೆ. “ಆವಾಗ ನಾ ಹೇಳಿದ್ದು ಕೇಳಲಿಲ್ಲ. ಇನ್ನ ಕೇಳಲಾರದ ಏನು ಮಾಡ್ತಾರ?”

ವಾಪಸು ಬರುವಾಗ ಮಿಷಿಗನ್ ಗಡಿ ದಾಟಿದ ಮೇಲೆ ಮೇಡಂ ಕೇಳಿದರು, “ನಿಜ ಹೇಳು. ಇದು ನಯವಾಗಿ ಬೇಡ ಅನ್ನೋ ರೀತಿನಾ?”

“ಅಲ್ಲ ಮೇಡಂ. ಅವರು ಖಂಡಿತ ಕೊಡ್ತಾರೆ. ಈ ತಿಂಗಳು ಹೊಸದೇನೂ ಶುರು ಮಾಡಲ್ಲ ಅಷ್ಟೇ. ನಮ್ಮನೇಲೂ ಮದುವೆ ಗಿದುವೆ ಮಾತು ಎತ್ತಲ್ಲ.”

“ನಾನು ಈ ಕೆಲಸ ಇಪ್ಪತ್ತು ವರ್ಷದಿಂದ ಮಾಡ್ತಿದ್ದೀನಿ. ಕೊಡೋ ಮನಸ್ಸಿದ್ದವರು ಡಿಸೆಂಬರ್ ಮೂವತ್ತೊಂದರ ಒಳಗೆ ಓಡಿ ಬಂದು ಕೊಡ್ತಾರೆ, ಟ್ಯಾಕ್ಸ್ ಉಳಿಯುತ್ತೆ. ಕೊಡೋ ಮನಸ್ಸಿಲ್ಲದವರೇ ಜನವರಿ ಅನ್ನೋದು.”

ಮರುದಿನದ ಸಭೆಯಲ್ಲಿ ಅವರು ನಾನು ಹೇಳಿದ್ದನ್ನು ಗೌರವದಿಂದಲೇ ಹೇಳಿದರು, ಧಾರ್ಮಿಕ ಕಾರಣ ಎಂದೂ ಸೇರಿಸಿದರು. ನಿರ್ದೇಶಕರು ತಲೆಯಾಡಿಸಿದರು. ಕಚೇರಿಯ ನಿಯಮ ಸ್ಪಷ್ಟವಿತ್ತು: ಸಹಿಯಾಗದ ದೇಣಿಗೆ ಇಲ್ಲದ ದೇಣಿಗೆ. ಲೆಕ್ಕದ ಪಟ್ಟಿಯಲ್ಲಿ ಆ ಹುದ್ದೆಯ ಮುಂದೆ ಸೊನ್ನೆಯೇ ಉಳಿಯಿತು. ಸೊನ್ನೆ ಇರುವ ತನಕ ಕೋಚಿಗೆ ಕಾಗದದ ಮೇಲೆ ಭರವಸೆ ಕೊಡುವ ಅಧಿಕಾರ ಯಾರಿಗೂ ಇರಲಿಲ್ಲ.

ಹೆಡ್ ಕೋಚ್ ಬಾಯಿಮಾತಿನ ಭರವಸೆ ಕೊಟ್ಟರು. ನಾನೂ ಹೇಳಿದೆ. ಡಿಫೆನ್ಸಿವ್ ಲೈನ್ ಕೋಚ್ ನನ್ನ ಕೋಣೆಯ ಬಾಗಿಲಿಗೆ ಒರಗಿ ನಿಂತು ಪೂರ್ತಿ ಕೇಳಿಸಿಕೊಂಡರು.

“ಹದಿನೈದನೇ ತಾರೀಕು ಅಂತೀಯ.”

“ಹೌದು. ಮಾತು ತಪ್ಪೋರಲ್ಲ.”

“ಕಾಗದದ ಮೇಲೆ ಇದೆಯಾ?”

“ಇಲ್ಲ.”

“ಪ್ರೊಫೆಸರ್, ನಿನ್ನ ಅಂಕಲ್ ಸುಳ್ಳು ಹೇಳ್ತಾರೆ ಅಂತ ನಾನು ಅನ್ನಲ್ಲ. ಇಲ್ಲಿಗೆ ಬರೋ ಮುಂಚೆ ಮೂರು ಕಾಲೇಜಲ್ಲಿ ನನಗೆ ಕೈ ಕುಲುಕಿ ಮಾತು ಕೊಟ್ಟಿದ್ರು. ಮೂವರೂ ಒಳ್ಳೆಯವರೇ. ಮೂರು ಕಡೆಯಿಂದಲೂ ಮನೆ ಸಾಮಾನು ಕಟ್ಟಿದೀನಿ. ಆಗ ಮಗಳು ಇರಲಿಲ್ಲ.”

ದಕ್ಷಿಣದವರನ್ನು ಇನ್ನೊಂದು ವಾರ ಕೇಳಬಹುದಲ್ಲ ಎಂದೆ. ಕೇಳಿದ್ದರಂತೆ. ಅವರ ಹತ್ತಿರ ಇನ್ನೂ ಇಬ್ಬರ ಹೆಸರಿತ್ತಂತೆ.

ಆ ಸಂಜೆ ಅಂಕಲ್‌ಗೆ ಫೋನ್ ಮಾಡಿದೆ. ಮಗಳ ವಿಷಯವನ್ನೂ, ಏಳನೇ ತಾರೀಕಿನ ವಿಷಯವನ್ನೂ ಬಿಡಿಸಿ ಹೇಳಿದೆ. ಸಹಿ ಬೇಡ, ಒಂದು ಸಾಲು ಈಮೇಲ್ ಸಾಕು ಎಂದೆ. ಅದು ಸಾಲುತ್ತಿತ್ತೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

“ಈಮೇಲ್ ಅಂದ್ರೂ ಬರದು ಕೊಟ್ಟಂಗ ಅಲ್ಲೇನು?” ಎಂದರು. ಆಮೇಲೆ ದನಿ ತಗ್ಗಿತು. “ಆ ಕೂಸಿನ ಪ್ರಶ್ನಿ ಅದ ಅಂತೀಯಲ್ಲವಾ, ಅದಕ್ಕ ನನಗ ಇನ್ನೂ ಹೆದರಿಕಿ. ಒಂದು ಕೂಸಿನ ಅನ್ನದ ಕೆಲಸ ಕೆಟ್ಟ ತಿಂಗಳಾಗ ಹೆಂಗ ಹಿಡೀಲಿ? ನಾಳೆ ಏನರೆ ಆದರ ಆ ಪಾಪ ಯಾರಿಗೆ? ನೀ ಅವನಿಗೆ ಹೇಳು, ನನ್ನ ಮಾತಂದ್ರ ಮಾತು. ನಾಲ್ಕು ವೇರ್‌ಹೌಸ್ ಬರೇ ಮಾತಿನ ಮ್ಯಾಲ ನಡಸೀನಿ.”

ಅಮ್ಮ ಪಾತ್ರೆ ಒರೆಸುತ್ತಾ ಕೇಳಿಸಿಕೊಂಡಿದ್ದಳು. “ಅವರು ಹೇಳೋದ್ರಲ್ಲಿ ತಪ್ಪೇನಿದೆ? ಒಂದು ತಿಂಗಳು ಕಾಯೋಕಾಗಲ್ವಾ ಆ ಕಾಲೇಜಿನೋರಿಗೆ? ಕಾಲೇಜು ಕಟ್ಟಿ ನೂರು ವರ್ಷ ಆಗಿದೆ ಅಂತೀಯ.”

“ಅಮ್ಮಾ, ಕಾಯದೇ ಇರೋದು ಆ ಇನ್ನೊಂದು ಕಾಲೇಜು.”

“ಹಾಗಾದ್ರೆ ದೇವಸ್ಥಾನದ ಭಟ್ಟರನ್ನ ಕೇಳು. ಮದುವೆ, ಗೃಹಪ್ರವೇಶ ಮಾಡಲ್ಲ, ದಾನ ಮಾಡಬಾರದು ಅಂತ ಎಲ್ಲಿದೆ?”

ಅಮ್ಮನ ಮಾತು ಸರಿಯಿತ್ತು. ಡಿಸೆಂಬರ್ ಇಪ್ಪತ್ತೆಂಟರಂದು ಬೆಳಗಿನ ಪೂಜೆಗೆ ಹೋದಾಗ ಭಟ್ಟರು ಒಂದೇ ಮಾತಿನಲ್ಲಿ ಹೇಳಿದರು: ದಾನಕ್ಕೆ ದೋಷವಿಲ್ಲ, ಧನುರ್ಮಾಸದಲ್ಲಿ ಕೊಟ್ಟರೆ ಪುಣ್ಯ ಹೆಚ್ಚು. ಪಾರ್ಕಿಂಗ್ ಲಾಟಿನಿಂದಲೇ ಅಂಕಲ್‌ಗೆ ಫೋನ್ ಮಾಡಿದೆ. ಆಂಟಿಯೂ ಕೇಳಲಿ ಎಂದು ಅವರು ಸ್ಪೀಕರ್ ಹಾಕಿದರು.

“ಭಟ್ಟರು ಹೇಳಿದ್ದು ಖರೇ. ದಾನ ಆಗಿದ್ರ ಇವತ್ತ ಕೊಡ್ತಿದ್ದೆ” ಎಂದರು ಅಂಕಲ್. “ಆದ್ರ ಹದಿನಾಲ್ಕು ಪುಟದ ದಾನ ಎಲ್ಲ್ಯರೆ ನೋಡೀಯೇನವಾ? ಕೊಡೂದು ತಡ ಆದ್ರ ಏನು, ನಾ ಸತ್ರ ಏನು, ಯಾವ ರಾಜ್ಯದ ಕೋರ್ಟು, ಎಲ್ಲಾ ಬರದಾರ. ಇದು ದಾನ ಅಲ್ಲ, ಕರಾರು. ಕರಾರಿಗೆ ತಿಂಗಳು ನೋಡಬೇಕು.”

“ಒಂದು ಪುಟದ್ದು ಮಾಡಿಕೊಂಡು ಬಾ” ಎಂದರು ಆಂಟಿ ಹಿಂದಿನಿಂದ. “ಕೊಟ್ಟೆ, ತಗೊಂಡೆ, ಅಷ್ಟ. ಹಂಗಿದ್ರ ನಾನ ಸಹಿ ಮಾಡಸ್ತೀನಿ.”

ಅಂದೇ ಮೇಡಂಗೆ ತಿಳಿಸಿದೆ. ಅವರು ಅಣಕಿಸಲಿಲ್ಲ. ಒಂದು ಪುಟದ ದೇಣಿಗೆಯೂ ಉಂಟು, ಅದು ಒಂದೇ ಸಲದ ಕೊಡುಗೆಗೆ ಮಾತ್ರ. ಹುದ್ದೆ ಉಳಿಸಬೇಕಾದರೆ ನಿರ್ದೇಶಕರು ಐದು ವರ್ಷದ ಭರವಸೆ ಕೇಳುತ್ತಾರೆ. ಐದು ವರ್ಷ ಎಂದರೆ ವಕೀಲರು ಬರೆದ ಪುಟಗಳೇ ಬೇಕು. ವಕೀಲರು ಕ್ರಿಸ್ಮಸ್ ರಜೆಯಲ್ಲಿದ್ದರು. ಜನವರಿ ಐದಕ್ಕೆ ಬಂದರು. ಆರಕ್ಕೆ ಉತ್ತರ ಬಂತು: ಪುಟ ಕಡಿಮೆ ಮಾಡಲು ಸಾಧ್ಯವಿಲ್ಲ.

ಏಳರಂದು ಮಧ್ಯಾಹ್ನ ಆತ ದಕ್ಷಿಣಕ್ಕೆ ಒಪ್ಪಿಗೆ ಕಳಿಸಿದರು.

ಅದು ಅವರ ವಾರವಾಗಿತ್ತು. ಸಂಜೆ ಹುಡುಗಿ ನನ್ನ ಕೋಣೆಗೆ ಬಂದಳು. ಪುಸ್ತಕ ತೆಗೆಯಲಿಲ್ಲ.

“ಅಲ್ಲಿಗೆ ಎಷ್ಟು ಮೈಲಿ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಒಂಬೈನೂರು ಹತ್ತಿರ.”

“ಜಡ್ಜ್ ನೂರು ಮೈಲಿ ಒಳಗೇ ಇರಬೇಕು ಅಂದಿದ್ರು. ಅಪ್ಪ ರೂಲ್ ಮುರಿದರೆ ಜೈಲಿಗೆ ಹಾಕ್ತಾರಾ?”

ಹಾಗಲ್ಲ, ಅಪ್ಪ ಅಮ್ಮ ಸೇರಿ ಹೊಸ ರೂಲ್ ಬರೆಸಿಕೊಳ್ಳುತ್ತಾರೆ ಎಂದೆ. ಅವಳಿಗೆ ಅದು ಜೈಲಿಗಿಂತ ಒಳ್ಳೆಯ ಸುದ್ದಿ ಅನ್ನಿಸಿದಂತೆ ಕಾಣಲಿಲ್ಲ. ಬೂಟಿಗೆ ಅಂಟಿದ್ದ ಹಿಮ ಕರಗಿ ಕುರ್ಚಿಯ ಕೆಳಗೆ ನೀರು ನಿಂತಿತ್ತು. ಅದನ್ನು ಟಿಶ್ಯೂ ಹಾಕಿ ಒರೆಸಿ, ಟಿಶ್ಯೂವನ್ನು ಬುಟ್ಟಿಗೆ ಹಾಕಿ, ಹೊರಗೆ ಹೋಗಿ ಅಪ್ಪನ ಕೋಣೆಯ ಬಾಗಿಲ ಬಳಿ ನಿಂತಳು. ಒಳಗೆ ಆತ ಫೋನಿನಲ್ಲಿದ್ದರು.

ಹೊರಡುವ ದಿನ ಆತ ನನ್ನ ಜೊತೆ ತಮಾಷೆ ಮಾಡಲಿಲ್ಲ. “ನಿನ್ನ ಅಂಕಲ್‌ಗೆ ಥ್ಯಾಂಕ್ಸ್ ಹೇಳು” ಎಂದರು. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಆ ಥ್ಯಾಂಕ್ಸನ್ನು ತಲುಪಿಸಲಿಲ್ಲ.

ಸಂಕ್ರಮಣದ ಮರುದಿನ ನಾನು ಕಚೇರಿ ಮುಟ್ಟುವಷ್ಟರಲ್ಲಿ ಅಂಕಲ್‌ನ ಸಹಿ ಬಂದಾಗಿತ್ತು. ಹದಿನಾಲ್ಕು ಪುಟಕ್ಕೂ ಮೂಲೆಯಲ್ಲಿ ಅರಿಶಿನ ಕುಂಕುಮ ಹಚ್ಚಿ ಸ್ಕ್ಯಾನ್ ಮಾಡಿ ಕಳಿಸಿದ್ದರು. ಮೊದಲ ವರ್ಷದ ಹಣವೂ ಅದೇ ದಿನ ಬ್ಯಾಂಕಿಗೆ ಬಂತು. ಮೇಡಂ ಕಾಗದಗಳನ್ನು ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. “ಅವರು ನಿಜವನ್ನೇ ಹೇಳಿದ್ದರು” ಎಂದರು, ಮತ್ತೆ “ನೀನೂ ಹೇಳಿದ್ದೆ.” ಒಪ್ಪಂದದಲ್ಲಿ ಹಣ ಹುದ್ದೆಗೆ ಎಂದಿತ್ತು, ವ್ಯಕ್ತಿಗೆ ಎಂದಿರಲಿಲ್ಲ. ಹುದ್ದೆ ಉಳಿಯಿತು. ಎರಡು ವಾರದಲ್ಲಿ ಒಹಾಯೋ ಕಡೆಯಿಂದ ಹೊಸ ಕೋಚ್ ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ, ಕೆಲಸ ಗೊತ್ತಿರುವವರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಯಾವ ಕಾರಣವೂ ಸಿಗಲಿಲ್ಲ.

ಏಪ್ರಿಲ್‌ನಲ್ಲಿ ವಸಂತದ ಅಭ್ಯಾಸ ನೋಡಲು ಅಂಕಲ್ ಆಂಟಿ ಬಂದರು. ನಲವತ್ತೆರಡು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಕೊರೆಯುವ ಚಳಿ, ಗಾಳಿ ಬೇರೆ. ಆಂಟಿ ಕೋಟಿನ ಮೇಲೆ ಶಾಲು ಹೊದ್ದುಕೊಂಡು ಬೇಲಿಯ ಹತ್ತಿರ ನಿಂತಿದ್ದರು. ಅಂಕಲ್ ಉತ್ಸಾಹದಲ್ಲಿದ್ದರು.

“ಯಾವಾಂವ ನಮ್ಮ ಕೋಚ್?”

ನಾನು ತೋರಿಸಿದೆ. ಹೊಸ ಕೋಚ್ ಓಡಿ ಬಂದು ಕೈ ಕುಲುಕಿ ಬಹಳ ಕೃತಜ್ಞತೆಯಿಂದ ಮಾತಾಡಿದರು. ಅಂಕಲ್ ಅವರ ಭುಜ ತಟ್ಟಿ, ಮಗಳು ಹೇಗಿದ್ದಾಳೆ ಎಂದು ಕೇಳಿದರು. ಆತ ಗಲಿಬಿಲಿಗೊಂಡು, ತಮಗಿನ್ನೂ ಮದುವೆಯೇ ಆಗಿಲ್ಲ ಎಂದು ನಕ್ಕು ಮೈದಾನಕ್ಕೆ ವಾಪಸು ಓಡಿದರು.

ಅಂಕಲ್ ನನ್ನ ಕಡೆ ತಿರುಗಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಆತ ಏಳನೇ ತಾರೀಕು ಒಪ್ಪಿಕೊಂಡರು, ಹೋದರು, ಹುಡುಗಿ ಈಗ ಬೇಸಿಗೆ ರಜೆಗೆ ಮಾತ್ರ ಅಪ್ಪನ ಹತ್ತಿರ ಹೋಗುತ್ತಾಳೆ.

“ನಾ ಮಾತು ಕೊಟ್ಟಿದ್ದೆನಲ್ಲವಾ” ಎಂದರು ಅಂಕಲ್. ಜಗಳದ ದನಿಯಲ್ಲ. ಆಂಟಿ ಅವರ ಮುಖ ನೋಡಲಿಲ್ಲ, ಮೈದಾನದ ಕಡೆ ನೋಡುತ್ತಿದ್ದರು. ಅಲ್ಲಿ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಎದ್ದು ಮತ್ತೆ ಸಾಲಿಗೆ ನಿಲ್ಲುತ್ತಿದ್ದರು.

ಅಭ್ಯಾಸ ಮುಗಿಯುವ ತನಕ ಅವರು ನಿಲ್ಲಲಿಲ್ಲ. ಕಾರಿನವರೆಗೆ ನಾನೂ ಹೋದೆ. ಬಾಗಿಲು ತೆಗೆದು ಕುಳಿತ ಮೇಲೆ ಅಂಕಲ್ ಕೇಳಿದರು:

“ನಾ ಐದು ವರ್ಷಕ್ಕ ಸಹಿ ಮಾಡೀನಿ. ಅದು ಮುಗಿಯೂದ್ರಾಗ ಆ ಹುಡುಗಿಗೆ ಎಷ್ಟು ವರ್ಷ ಆಗಿರ್ತದ?”

“ಹದಿನಾಲ್ಕು ಅಂಕಲ್.”

ಅವರು ತಲೆಯಾಡಿಸಿದರು. ಆಂಟಿ ಸೀಟ್‌ಬೆಲ್ಟ್ ಎಳೆದು ಅವರಿಗೆ ಹಾಕಿದರು.